ರೆಟ್ರೋ ಹ್ಯಾಂಡ್‌ಹೆಲ್ಡ್: ಎಸ್‌ಪಿ ರೋಡ್‌ನಿಂದ ನಿಮ್ಮದೇ ಕನ್ನಡ ಗೇಮ್‌ವರೆಗೆ

ಹಳೇ ವಿಡಿಯೋ ಗೇಮ್‌ಗಳನ್ನು ಕೈಯಲ್ಲಿ ಹಿಡಿದು ಆಡುವ ರೆಟ್ರೋ ಹ್ಯಾಂಡ್‌ಹೆಲ್ಡ್ ಕೊಂಡವರಿಗೆ ಮೊದಲ ಮಾತು ಇದೇ: ಅದರ ಜೊತೆ ಬಂದ ಮೆಮೊರಿ ಕಾರ್ಡನ್ನು ಪಕ್ಕಕ್ಕಿಡಿ. ಡಬ್ಬದ ಮೇಲೆ ಸಾವಿರಾರು ಗೇಮ್ ಇವೆ ಎಂದು ದೊಡ್ಡದಾಗಿ ಬರೆದಿರುತ್ತದೆ. ಅವುಗಳಲ್ಲಿ ಬಹುಪಾಲು ಯಾರ ಒಪ್ಪಿಗೆಯೂ ಇಲ್ಲದೆ ನಕಲು ಮಾಡಿದ ಗೇಮ್‌ಗಳು. ಕಾರ್ಡು ಕೂಡ ಸಾಮಾನ್ಯವಾಗಿ ಹೆಸರಿಲ್ಲದ ಕಳಪೆ ಮಾಲು, ಯಾವಾಗ ಕೈಕೊಡುತ್ತದೋ ಹೇಳಲಾಗದು. ಇನ್ನೊಂದು ತೊಂದರೆ ಇದೆ. ಅಷ್ಟುದ್ದದ ಪಟ್ಟಿ ಕಣ್ಣೆದುರಿಗಿದ್ದರೆ ಯಾವುದನ್ನೂ ಪೂರ್ತಿ ಆಡುವ ಮನಸ್ಸು ಬರುವುದಿಲ್ಲ. ಸುಮ್ನೆ ಎರಡು ನಿಮಿಷ ಇದು, ಎರಡು ನಿಮಿಷ ಅದು, ಆಮೇಲೆ ಡ್ರಾಯರ್ ಸೇರುತ್ತದೆ.

ನಾನು ಹೇಳುವ ದಾರಿ ಹೀಗಿದೆ. ಚಿಕ್ಕದೊಂದು ಹ್ಯಾಂಡ್‌ಹೆಲ್ಡ್, ಒಳ್ಳೆಯ ಕಾರ್ಡು, ಅದರಲ್ಲಿ ಆರಿಸಿ ಹಾಕಿದ ಕೆಲವೇ ಹೋಮ್‌ಬ್ರೂ ಗೇಮ್, ಕೊನೆಗೆ ನೀವೇ ಮಾಡಿದ ಒಂದು ಕನ್ನಡ ಗೇಮ್. ಹೋಮ್‌ಬ್ರೂ ಅಂದರೆ ಹಳೇ ಕನ್ಸೋಲ್‌ಗಳಿಗೆ (ಗೇಮ್ ಆಡುವ ಯಂತ್ರಗಳಿಗೆ) ಹವ್ಯಾಸಿಗಳು ಈಗಲೂ ಬರೆಯುತ್ತಿರುವ ಹೊಸ ಗೇಮ್‌ಗಳು. ನಿಂಟೆಂಡೊ ಕಂಪನಿಯ ಹ್ಯಾಂಡ್‌ಹೆಲ್ಡ್ ಗೇಮ್ ಬಾಯ್ ಬಂದದ್ದು 1989ರಲ್ಲಿ. ಅದಕ್ಕೆ ಇವತ್ತಿಗೂ ಹೊಸ ಗೇಮ್ ಬರುತ್ತಿವೆ. ಬಹಳಷ್ಟನ್ನು ಬರೆದವರೇ ಪುಕ್ಕಟೆ ಕೊಡುತ್ತಾರೆ. ಇನ್ನು ಕೆಲವನ್ನು ಕಡಿಮೆ ಬೆಲೆಗೆ ಮಾರುತ್ತಾರೆ.

ಹ್ಯಾಂಡ್‌ಹೆಲ್ಡ್ ಆರಿಸುವುದು

ಗೇಮ್ ಬಾಯ್, ನಿಂಟೆಂಡೊದ ಟಿವಿ ಕನ್ಸೋಲ್ ಎನ್‌ಇಎಸ್, ಗೇಮ್ ಬಾಯ್ ಅಡ್ವಾನ್ಸ್ ಇಷ್ಟಕ್ಕೆ ದುಬಾರಿ ಸಾಧನ ಬೇಡ. ಮಿಯೂ ಮಿನಿ ಪ್ಲಸ್ ಅಥವಾ ಆನ್‌ಬರ್ನಿಕ್ ಆರ್‌ಜಿ35ಎಕ್ಸ್‌ಎಕ್ಸ್ ತರಹದ ಚಿಕ್ಕ ಸಾಧನ ಸಾಕು. ಮಿಯೂ ಮಿನಿ ಪ್ಲಸ್‌ಗೆ 3.5 ಇಂಚಿನ, 640×480 ಪಿಕ್ಸೆಲ್‌ನ ಪರದೆ ಇದೆ. ಬ್ಯಾಟರಿ 3000 ಎಂಎಎಚ್. ಮೊದಲ ಪ್ಲೇಸ್ಟೇಷನ್‌ವರೆಗಿನ ಗೇಮ್‌ಗಳನ್ನು ಆರಾಮಾಗಿ ಓಡಿಸುತ್ತದೆ. ಈ ಲೇಖನದ ಹಂತಗಳನ್ನು ಅದನ್ನೇ ಇಟ್ಟುಕೊಂಡು ಬರೆದಿದ್ದೇನೆ. ಬೇರೆ ಸಾಧನವಿದ್ದರೆ ಫರ್ಮ್‌ವೇರ್, ಅಂದರೆ ಸಾಧನವನ್ನು ನಡೆಸುವ ಮೂಲ ತಂತ್ರಾಂಶದ ಹೆಸರು ಬದಲಾಗುತ್ತದೆ, ಕ್ರಮ ಹೆಚ್ಚು ಬದಲಾಗುವುದಿಲ್ಲ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ಮಾರುವವರು ಭಾರತದಲ್ಲೇ ಇದ್ದಾರಾ ಎಂದು ನೋಡಿ. ಹೊರದೇಶದಿಂದ ಬಂದರೆ ಕಸ್ಟಮ್ಸ್ ಸುಂಕ ಸೇರಿ ಲೆಕ್ಕ ಏರುತ್ತದೆ. ಕೆಟ್ಟರೆ ವಾಪಸ್ ಕಳಿಸುವುದೂ ಕಷ್ಟ.

ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು ಅನ್ನುವವರು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡ್, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಸುತ್ತಿ ಬರಬಹುದು. ಎಸ್‌ಪಿ ರೋಡ್‌ಗೆ ಮೆಟ್ರೋ ಹಸಿರು ಮಾರ್ಗದ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ನಡೆದರೆ ಸುಲಭ. ಗಾಡಿ ತೆಗೆದುಕೊಂಡು ಹೋದರೆ ಪಾರ್ಕಿಂಗ್ ಹುಡುಕುವುದರಲ್ಲೇ ಸಾಕಾಗುತ್ತದೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹೋಗಿ. ಬಿಲ್ ಕೇಳಿ ಪಡೆಯಿರಿ.

ಅಂಗಡಿಯಲ್ಲಿ ನಿಂತಾಗ ಗಮನವಿಟ್ಟು ನೋಡಬೇಕಾದದ್ದು ಡಿ-ಪ್ಯಾಡ್, ಅಂದರೆ ಎಡಗೈ ಕಡೆಯ ಪ್ಲಸ್ ಆಕಾರದ ಬಟನ್. ಯಾವುದಾದರೂ ಗೇಮ್ ಹಾಕಿಸಿ. ಬಲಕ್ಕೆ ಒತ್ತಿ ಹಿಡಿದು, ಹೆಬ್ಬೆರಳನ್ನು ಅಲ್ಲೇ ಸ್ವಲ್ಪ ಮೇಲೆ ಕೆಳಗೆ ಹೊರಳಿಸಿ. ಪಾತ್ರ ನೇರ ಬಲಕ್ಕೇ ಹೋಗುತ್ತಿರಬೇಕು. ತಂತಾನೇ ಮೇಲಕ್ಕೋ ಕೆಳಕ್ಕೋ ವಾಲಿದರೆ ಬೇರೆ ಪೀಸ್ ಕೇಳಿ. ನೋಡಲು ಎಷ್ಟೇ ಚೆನ್ನಾಗಿದ್ದರೂ ಡಿ-ಪ್ಯಾಡ್ ಸರಿಯಿಲ್ಲದ ಸಾಧನದಲ್ಲಿ ಜಿಗಿಯುವ ಗೇಮ್ ಆಡಲಾಗದು. ಆಮೇಲೆ ಬಿಳಿ ಪರದೆ ತರಿಸಿ, ಸತ್ತ ಪಿಕ್ಸೆಲ್, ಅಂದರೆ ಬೆಳಗದ ಚುಕ್ಕಿ ಇದೆಯೇ ನೋಡಿ. ಹೆಡ್‌ಫೋನ್ ತೂತಿಗೆ ನಿಮ್ಮದೇ ಹೆಡ್‌ಫೋನ್ ಚುಚ್ಚಿ ಕೇಳಿ.

ಸೋನಿಯ ಹಳೇ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದೂ ಒಳ್ಳೆಯದೇ. ಅದರ ಹೋಮ್‌ಬ್ರೂ ಪರಂಪರೆ ದೊಡ್ಡದು. ಆದರೆ ಮೊದಲು ಬ್ಯಾಟರಿ ಮುಚ್ಚಳ ತೆಗೆಸಿ. ಬ್ಯಾಟರಿ ಸ್ವಲ್ಪ ಉಬ್ಬಿದ್ದರೂ ಆ ಬ್ಯಾಟರಿ ಬೇಡ. ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಫರ್ಮ್‌ವೇರ್ 6.61 ಇದೆಯಾ ನೋಡಿ. ಇದ್ದರೆ ಆರ್ಕ್-4 ಎಂಬ ಕಸ್ಟಮ್ ಫರ್ಮ್‌ವೇರ್ ಹಾಕಬಹುದು. ಆಮೇಲೆ ಹೋಮ್‌ಬ್ರೂ ಗೇಮ್‌ಗಳನ್ನು ಮೆಮೊರಿ ಸ್ಟಿಕ್‌ನಲ್ಲಿ ಪಿಎಸ್‌ಪಿ ಫೋಲ್ಡರ್ ಒಳಗಿನ ಗೇಮ್ ಫೋಲ್ಡರ್‌ಗೆ ಹಾಕಿದರೆ ಆಯಿತು.

ಹಣ ಹಾಕುವ ಮುನ್ನ ರುಚಿ ನೋಡಬೇಕು ಅಂದರೆ ನಿಮ್ಮ ಫೋನೇ ಸಾಕು. ಆಂಡ್ರಾಯ್ಡ್‌ನಲ್ಲಿ ಲೆಮುರಾಯ್ಡ್ ಎಂಬ ಎಮ್ಯುಲೇಟರ್, ಅಂದರೆ ಹಳೇ ಕನ್ಸೋಲ್‌ನಂತೆ ವರ್ತಿಸಿ ಅದರ ಗೇಮ್ ಓಡಿಸುವ ತಂತ್ರಾಂಶ, ಪುಕ್ಕಟೆ ಸಿಗುತ್ತದೆ. ಐಫೋನ್‌ಗೆ ಡೆಲ್ಟಾ 2024ರ ಏಪ್ರಿಲ್‌ನಿಂದ ಆಪ್ ಸ್ಟೋರ್‌ನಲ್ಲಿದೆ. ಗಾಜಿನ ಮೇಲೆ ಬೆರಳಿಟ್ಟು ಆಡುವುದು ಮಾತ್ರ ಹಿಂಸೆ. ಬ್ಲೂಟೂತ್ ಗೇಮ್‌ಪ್ಯಾಡ್ ಇದ್ದರೆ ಜೋಡಿಸಿಕೊಳ್ಳಿ.

ಕಾರ್ಡು ಮತ್ತು ಚಾರ್ಜಿಂಗ್

ಹೆಸರಿರುವ ಕಂಪನಿಯ 32 ಜಿಬಿ ಕಾರ್ಡು ತೆಗೆದುಕೊಳ್ಳಿ. ಜಾಸ್ತಿ ಬೇಡ. ಗೇಮ್ ಬಾಯ್ ಅಡ್ವಾನ್ಸ್‌ನ ಅತಿ ದೊಡ್ಡ ಗೇಮೇ 32 ಎಂಬಿ. ಗೇಮ್ ಬಾಯ್‌ನ ಎಷ್ಟೋ ಗೇಮ್ ಅದರ ನೂರನೇ ಒಂದು ಪಾಲೂ ಇರುವುದಿಲ್ಲ. 32 ಜಿಬಿಯೇ ತೆಗೆದುಕೊಳ್ಳಿ ಅನ್ನಲು ಇನ್ನೊಂದು ಕಾರಣವಿದೆ. ಈ ಸಾಧನಕ್ಕೆ ಕಾರ್ಡು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ಬಹಳ ಕಾಲದಿಂದ 32 ಜಿಬಿವರೆಗೆ ಮಾತ್ರ ಆ ಆಯ್ಕೆ ತೋರಿಸುತ್ತಿತ್ತು. ಅದಕ್ಕಿಂತ ದೊಡ್ಡ ಕಾರ್ಡಾದರೆ ರೂಫಸ್ ತರಹದ ತಂತ್ರಾಂಶ ಬೇಕಾಗುತ್ತದೆ.

ಕಾರ್ಡು ಅಸಲಿಯೋ ನಕಲಿಯೋ ಎಂದು ಗೇಮ್ ತುಂಬುವ ಮುನ್ನವೇ ಪರೀಕ್ಷಿಸಿ. ನಕಲಿ ಕಾರ್ಡು ತನ್ನ ಸಾಮರ್ಥ್ಯದ ಬಗ್ಗೆ ಕಂಪ್ಯೂಟರ್‌ಗೆ ಸುಳ್ಳು ಹೇಳುತ್ತದೆ. ಎಲ್ಲಾ ಕಾಪಿ ಆದಂತೆ ಕಾಣುತ್ತದೆ, ಅರ್ಧ ಫೈಲ್ ಒಳಗೆ ಇರುವುದೇ ಇಲ್ಲ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ತಂತ್ರಾಂಶ ಇಡೀ ಕಾರ್ಡನ್ನು ಬರೆದು, ಮತ್ತೆ ಓದಿ ನೋಡುತ್ತವೆ. ಹೊತ್ತು ಹಿಡಿಯುತ್ತದೆ. ಹಾಕಿಟ್ಟು ಬೇರೆ ಕೆಲಸ ನೋಡಿಕೊಳ್ಳಿ.

ಚಾರ್ಜಿಂಗ್‌ಗೆ ಹಳೇ ಫೋನಿನ ಮಾಮೂಲಿ 5 ವೋಲ್ಟ್ ಚಾರ್ಜರ್, ಒಂದು ಕಡೆ ಚಪ್ಪಟೆ ಯುಎಸ್‌ಬಿ-ಎ ಪಿನ್ ಇರುವ ಕೇಬಲ್ ಬಳಸಿ. ಕಡಿಮೆ ಬೆಲೆಯ ಹ್ಯಾಂಡ್‌ಹೆಲ್ಡ್‌ಗಳು ಎರಡೂ ಕಡೆ ಸಿ ಪಿನ್ ಇರುವ ಕೇಬಲ್‌ನಲ್ಲಿ ಎಷ್ಟೋ ಸಲ ಚಾರ್ಜ್ ಆಗುವುದೇ ಇಲ್ಲ. ಸಾಧನವೇ ಕೆಟ್ಟಿದೆ ಎಂದು ಗಾಬರಿಯಾಗಿ ವಾಪಸ್ ಕಳಿಸುವ ಮುನ್ನ ಕೇಬಲ್ ಬದಲಿಸಿ ನೋಡಿ.

ಆನಿಯನ್ ಹಾಕುವುದು

ಮಿಯೂ ಮಿನಿ ಮತ್ತು ಮಿನಿ ಪ್ಲಸ್‌ಗೆ ಸಮುದಾಯದವರು ಕಟ್ಟಿದ ಫರ್ಮ್‌ವೇರ್ ಆನಿಯನ್. ಪುಕ್ಕಟೆ, ಮೂಲ ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ತೆರೆದಿದೆ. ಆರ್‌ಜಿ35ಎಕ್ಸ್‌ಎಕ್ಸ್ ಪ್ಲಸ್ ಮತ್ತು ಎಚ್ ಇರುವವರು ಮುಓಎಸ್ ಎಂಬ ಫರ್ಮ್‌ವೇರ್ ನೋಡಿ.

1. ಸಾಧನವನ್ನು ಪೂರ್ತಿ ಚಾರ್ಜ್ ಮಾಡಿಡಿ.
2. ಹೊಸ ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ.
3. ಗಿಟ್‌ಹಬ್‌ನ ಆನಿಯನ್ ಪುಟದ ರಿಲೀಸಸ್ ವಿಭಾಗದಿಂದ ಇತ್ತೀಚಿನ ಜಿಪ್ ಫೈಲ್ ಇಳಿಸಿಕೊಂಡು ಬಿಚ್ಚಿ.
4. ಒಳಗಿರುವ ಎಲ್ಲವನ್ನೂ ನೇರ ಕಾರ್ಡಿಗೆ ಹಾಕಿ, ಇನ್ನೊಂದು ಫೋಲ್ಡರ್ ಒಳಗಲ್ಲ. ಚುಕ್ಕಿಯಿಂದ ಶುರುವಾಗುವ ಒಂದು ಫೋಲ್ಡರ್ ಇರುತ್ತದೆ. ಮ್ಯಾಕ್, ಲಿನಕ್ಸ್‌ನಲ್ಲಿ ಅದು ಕಣ್ಣಿಗೆ ಕಾಣದೆ ಉಳಿದುಬಿಡುತ್ತದೆ. ಅದು ಬರದಿದ್ದರೆ ಇನ್‌ಸ್ಟಾಲ್ ಶುರುವಾಗುವುದಿಲ್ಲ. ಅಡಗಿದ ಫೈಲ್ ತೋರಿಸುವ ಆಯ್ಕೆ ಹಾಕಿಕೊಂಡು ಕಾಪಿ ಮಾಡಿ.
5. ಕಾರ್ಡನ್ನು ಕಂಪ್ಯೂಟರ್‌ನಿಂದ ಇಜೆಕ್ಟ್ ಮಾಡಿಯೇ ತೆಗೆಯಿರಿ. ಸಾಧನಕ್ಕೆ ಹಾಕಿ ಆನ್ ಮಾಡಿ. ಮುಂದಿನದನ್ನು ಅದೇ ಮಾಡಿಕೊಳ್ಳುತ್ತದೆ.
6. ಪ್ಯಾಕೇಜ್ ಮ್ಯಾನೇಜರ್ ಬಂದಾಗ ಗೇಮ್ ಬಾಯ್, ಗೇಮ್ ಬಾಯ್ ಕಲರ್, ಅಡ್ವಾನ್ಸ್, ಎನ್‌ಇಎಸ್ ಇಷ್ಟು ಆರಿಸಿ. ಉಳಿದದ್ದನ್ನು ಆಮೇಲೂ ಹಾಕಬಹುದು.

ಈಗ ಕಾರ್ಡಿನಲ್ಲಿ ರೋಮ್ಸ್ ಎಂಬ ಫೋಲ್ಡರ್ ಇರುತ್ತದೆ (ರೋಮ್ ಅಂದರೆ ಗೇಮ್ ಫೈಲ್). ಅದರೊಳಗೆ ಒಂದೊಂದು ಕನ್ಸೋಲ್‌ಗೆ ಒಂದೊಂದು ಫೋಲ್ಡರ್. ಗೇಮ್ ಬಾಯ್‌ದು ಜಿಬಿ, ಅಡ್ವಾನ್ಸ್‌ದು ಜಿಬಿಎ, ಎನ್‌ಇಎಸ್‌ದು ಎಫ್‌ಸಿ. ಎಫ್‌ಸಿ ಅಂದರೆ ಫ್ಯಾಮಿಕಾಮ್, 1983ರಲ್ಲಿ ಜಪಾನ್‌ನಲ್ಲಿ ಎನ್‌ಇಎಸ್‌ಗಿದ್ದ ಹೆಸರು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಟಿವಿಗೆ ಜೋಡಿಸಿ ಕ್ಯಾಸೆಟ್ ಹಾಕಿ ಆಡುತ್ತಿದ್ದ ವಿಡಿಯೋ ಗೇಮ್‌ಗಳಲ್ಲಿ ಬಹುಪಾಲು ಇದರ ನಕಲುಗಳೇ. ಗೇಮ್ ಫೈಲನ್ನು ಸರಿಯಾದ ಫೋಲ್ಡರ್‌ಗೆ ಹಾಕಿ, ಸಾಧನದಲ್ಲಿ ಪಟ್ಟಿ ರಿಫ್ರೆಶ್ ಮಾಡಿದರೆ ಹೆಸರು ಕಾಣಿಸುತ್ತದೆ.

ಎಮ್ಯುಲೇಟರ್ ಕೂಡ ಆನಿಯನ್ ಜೊತೆಗೇ ಬರುತ್ತದೆ. ಗೇಮ್ ಬಾಯ್‌ಗೆ ಗ್ಯಾಂಬಾಟೆ, ಅಡ್ವಾನ್ಸ್‌ಗೆ ಎಂಜಿಬಿಎ ಚೆನ್ನಾಗಿವೆ. ಎಂಜಿಬಿಎಗೆ ಕಂಪನಿಯ ಬಯೋಸ್ ಫೈಲ್ (ಕನ್ಸೋಲ್‌ನ ಒಳಗಿನ ಮೂಲ ತಂತ್ರಾಂಶ) ಬೇಕಿಲ್ಲ, ಬಯೋಸ್ ಮಾಡುವ ಕೆಲಸವನ್ನು ಅದೇ ಮಾಡುತ್ತದೆ.

ಪರದೆಯ ಅಳತೆ ಒಮ್ಮೆ ಸರಿ ಮಾಡಿಬಿಡಿ. ಗೇಮ್ ಬಾಯ್‌ನ ಪರದೆ 160×144. ಅದನ್ನು ಮೂರು ಪಟ್ಟು ಮಾಡಿದರೆ 480×432. 640×480ರೊಳಗೆ ಕೂರುತ್ತದೆ, ಸುತ್ತ ಕಪ್ಪು ಅಂಚು ಉಳಿಯುತ್ತದೆ. ಅಂಚು ಯಾಕೆ ಎಂದು ಪೂರ್ತಿ ಎಳೆದು ಹಿಗ್ಗಿಸಿದರೆ ಕೆಲವು ಪಿಕ್ಸೆಲ್ ಮೂರು, ಕೆಲವು ನಾಲ್ಕು ಚುಕ್ಕಿಯಷ್ಟಾಗಿ ಚಿತ್ರ ಸೊಟ್ಟಗಾಗುತ್ತದೆ. ಅಕ್ಷರಗಳಲ್ಲಿ ಇದು ಎದ್ದು ಕಾಣುತ್ತದೆ. ಈ ಎಮ್ಯುಲೇಟರ್‌ಗಳನ್ನು ಓಡಿಸುವ ರೆಟ್ರೋಆರ್ಚ್‌ನ ವಿಡಿಯೋ ಸೆಟ್ಟಿಂಗ್‌ನಲ್ಲಿ ಇಂಟಿಜರ್ ಸ್ಕೇಲ್ (ಎರಡು, ಮೂರು ಹೀಗೆ ಇಡೀ ಪಟ್ಟಿನಲ್ಲೇ ಹಿಗ್ಗಿಸುವ ಆಯ್ಕೆ) ಆನ್ ಮಾಡಿ. ಎನ್‌ಇಎಸ್‌ನ 256×240 ಎರಡು ಪಟ್ಟಾದರೆ ಎತ್ತರ ಕರಾರುವಾಕ್ಕಾಗಿ 480.

ಸೇವ್ ಬಗ್ಗೆ

ಎರಡು ಬಗೆಯ ಸೇವ್ ಇವೆ. ಗೇಮ್ ತಾನೇ ಮಾಡುವ ಸೇವ್ ಒಂದು. ಆಟವನ್ನು ಆ ಕ್ಷಣದಲ್ಲೇ ನಿಲ್ಲಿಸಿ ಎಮ್ಯುಲೇಟರ್ ಹಿಡಿದಿಡುವ ಸೇವ್ ಸ್ಟೇಟ್ ಇನ್ನೊಂದು. ಆನಿಯನ್‌ನಲ್ಲಿ ಪವರ್ ಬಟನ್ ಒತ್ತಿ ಹಿಡಿದರೆ ಆಟ ಇದ್ದಲ್ಲಿಗೇ ಉಳಿದು ಸಾಧನ ಆಫ್ ಆಗುತ್ತದೆ, ಮುಂದಿನ ಸಲ ಅಲ್ಲಿಂದಲೇ ಶುರು. ನೇರಳೆ ಮಾರ್ಗದ ಮೆಟ್ರೋದಲ್ಲಿ ನಿಮ್ಮ ನಿಲ್ದಾಣ ಬಂದಾಗ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಆದರೆ ಸೇವ್ ಸ್ಟೇಟ್ ಆಯಾ ಎಮ್ಯುಲೇಟರ್‌ಗೆ ಅಂಟಿಕೊಂಡದ್ದು. ನಾಳೆ ಬೇರೆ ಎಮ್ಯುಲೇಟರ್‌ಗೆ ಹೋದರೆ ತೆರೆಯುವುದಿಲ್ಲ. ಆದ್ದರಿಂದ ಗೇಮ್ ಒಳಗಿನ ಸೇವ್ ಕೂಡ ತಪ್ಪದೆ ಮಾಡಿ. ಕಾರ್ಡಿನ ಸೇವ್ಸ್ ಫೋಲ್ಡರನ್ನು ಆಗಾಗ ಕಂಪ್ಯೂಟರ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.

ಯಾವ ಗೇಮ್, ಎಲ್ಲಿಂದ

ಇಚ್.ಐಒ ಮತ್ತು ಹೋಮ್‌ಬ್ರೂ ಹಬ್, ಈ ಎರಡು ವೆಬ್‌ಸೈಟ್‌ಗಳಲ್ಲಿ ಶುರು ಮಾಡಿ. ಗೇಮ್ ಬಾಯ್‌ಗೆ 2017ರಲ್ಲಿ ಬಂದ ಟೋಬು ಟೋಬು ಗರ್ಲ್ ಮೊದಲು ಹಾಕಿ. ಜಿಗಿಯುತ್ತಾ ಮೇಲೇರುವ ಆಟ, ಕೈಗೆ ಹತ್ತಿದರೆ ಬಿಡುವುದಿಲ್ಲ. ಮೂಲ ಕೋಡ್ ಕೂಡ ತೆರೆದಿದೆ. ಊರು ಕಟ್ಟುವ ಆಟ ಇಷ್ಟವಿದ್ದರೆ ಗೇಮ್ ಬಾಯ್ ಕಲರ್‌ಗೆ ಮೈಕ್ರೋಸಿಟಿ ಇದೆ. ಎನ್‌ಇಎಸ್‌ಗೆ ನೋವಾ ದ ಸ್ಕ್ವಿರಲ್. ಇವೆಲ್ಲಾ ಪುಕ್ಕಟೆ.

ದುಡ್ಡು ಕೊಟ್ಟು ಕೊಳ್ಳಲು ಯೋಗ್ಯವಾದದ್ದು 2019ರ ಮೈಕ್ರೋ ಮೇಜಸ್. ಎನ್‌ಇಎಸ್‌ನದು, ನಾಲ್ಕು ಜನರವರೆಗೆ ಒಟ್ಟಿಗೆ ಆಡಬಹುದು. ಇಡೀ ಗೇಮ್ 40 ಕೆಬಿ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುವ ಶುಭೋದಯದ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟು ಜಾಗದಲ್ಲಿ ಗೋಪುರಗಳು, ಸಂಗೀತ, ದೊಡ್ಡ ದೊಡ್ಡ ಶತ್ರುಗಳು ಎಲ್ಲವನ್ನೂ ಹಿಡಿಸಿದ್ದಾರೆ.

ಕಂಪನಿಗಳ ಹಳೇ ಗೇಮ್ ಆಡಬೇಕು ಅನ್ನಿಸಿದರೆ? ಎಮ್ಯುಲೇಟರ್ ಒಂದು ತಂತ್ರಾಂಶ ಅಷ್ಟೇ. ಅದನ್ನು ತಯಾರಿಸಲು ಮಾಡಿದ ರಿವರ್ಸ್ ಎಂಜಿನಿಯರಿಂಗ್ (ಕನ್ಸೋಲ್ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ನೋಡುವುದು) ನ್ಯಾಯಯುತ ಬಳಕೆ ಎಂದು ಸೋನಿ-ಕನೆಕ್ಟಿಕ್ಸ್ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ರಲ್ಲೇ ಹೇಳಿದೆ. ಗೇಮ್ ಫೈಲ್‌ನ ವಿಷಯ ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಂಪ್ಯೂಟರ್ ಪ್ರೋಗ್ರಾಮ್‌ನ ಪ್ರತಿಯನ್ನು ಕಾನೂನುಬದ್ಧವಾಗಿ ಇಟ್ಟುಕೊಂಡವರು ಅದು ಹಾಳಾದೀತೆಂದು ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಎಲ್ಲಿಂದಲೋ ಇಳಿಸಿಕೊಳ್ಳುವುದು ಅದರೊಳಗೆ ಬರುವುದಿಲ್ಲ. ನಿಮ್ಮ ಬಳಿ ಅಸಲಿ ಗೇಮ್ ಬಾಯ್ ಕ್ಯಾಸೆಟ್ ಇದ್ದರೆ ಜಿಬಿಎಕ್ಸ್‌ಕಾರ್ಟ್ ಎಂಬ ಪುಟ್ಟ ಯಂತ್ರ ಅದನ್ನು ಯುಎಸ್‌ಬಿ ಮೂಲಕ ಓದಿ ಫೈಲ್ ಮಾಡಿಕೊಡುತ್ತದೆ.

ಇನ್ನು ನಿಮ್ಮದೇ ಗೇಮ್

ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಈ ಪುಟ್ಟ ಪರದೆಗಳಲ್ಲಿ ಜಪಾನಿ, ಇಂಗ್ಲಿಷ್, ಸ್ಪ್ಯಾನಿಷ್ ಎಲ್ಲಾ ಓಡಾಡುತ್ತವೆ. ಕನ್ನಡ ಕಾಣುವುದು ತೀರಾ ಅಪರೂಪ. ಅದನ್ನು ತರುವುದು ಕಂಪ್ಯೂಟರ್ ಇರುವ ಯಾರಿಗೂ ಸಾಧ್ಯ.

ಬೇಕಾದ ತಂತ್ರಾಂಶ ಜಿಬಿ ಸ್ಟುಡಿಯೋ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಪುಕ್ಕಟೆ. ಕೋಡ್ ಬರೆಯಬೇಕಿಲ್ಲ. ಹಿನ್ನೆಲೆ ಚಿತ್ರ ಹಾಕಿ, ಅದರ ಮೇಲೆ ಪಾತ್ರಗಳನ್ನು ಇಟ್ಟು, ಏನಾದಾಗ ಏನಾಗಬೇಕು ಎಂದು ಇವೆಂಟ್‌ಗಳ ಪಟ್ಟಿಯಿಂದ ಆರಿಸುತ್ತಾ ಹೋಗಬೇಕು. ಕೊನೆಗೆ ಅಸಲಿ ಗೇಮ್ ಬಾಯ್‌ನಲ್ಲೇ ಓಡುವ ಫೈಲ್ ಸಿಗುತ್ತದೆ.

ಕಥೆ ಚಿಕ್ಕದಿರಲಿ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ತೆಗೆದುಕೊಳ್ಳಿ. ಹೊಲದ ಕಡಲೆಕಾಯಿಯನ್ನು ಬಸವ ಬಂದು ತಿಂದುಹೋಗುತ್ತಿದ್ದ, ರೈತರು ಮೊದಲ ಫಸಲನ್ನು ಅವನಿಗೇ ಅರ್ಪಿಸಲು ಶುರು ಮಾಡಿದರು ಎಂಬ ಐತಿಹ್ಯ ನಿಮಗೆ ಗೊತ್ತೇ ಇದೆ ಅಲ್ವಾ? ಎರಡು ದೃಶ್ಯ ಸಾಕು. ಮೊದಲನೆಯದು ಹೊಲ, ಅಲ್ಲಿ ಕಡಲೆಕಾಯಿ ಆಯಬೇಕು. ಎರಡನೆಯದು ಗುಡಿ, ಅಲ್ಲಿ ಬಸವನ ಮುಂದೆ ಇಡಬೇಕು. ಹಿನ್ನೆಲೆ ಚಿತ್ರ ಕನಿಷ್ಠ 160×144 ಪಿಕ್ಸೆಲ್, ನಾಲ್ಕೇ ಹಸಿರು ಛಾಯೆ. ಪಾತ್ರ 16×16. ಪಿಸ್ಕೆಲ್ ಎಂಬ ತಂತ್ರಾಂಶ ಬ್ರೌಸರ್‌ನಲ್ಲೇ ತೆರೆಯುತ್ತದೆ, ಅದರಲ್ಲಿ ಬಿಡಿಸಿ. ಪಿಎನ್‌ಜಿ ಫೈಲ್‌ಗಳನ್ನು ಪ್ರಾಜೆಕ್ಟ್‌ನ ಅಸೆಟ್ಸ್ ಫೋಲ್ಡರ್‌ಗೆ ಹಾಕಿದರೆ ಜಿಬಿ ಸ್ಟುಡಿಯೋ ತಾನೇ ಗುರುತಿಸುತ್ತದೆ.

ಕಷ್ಟ ಬರುವುದು ಅಕ್ಷರದಲ್ಲಿ. ಗೇಮ್ ಬಾಯ್ ಪರದೆ 8×8 ಪಿಕ್ಸೆಲ್‌ನ ಚೌಕಗಳಿಂದ ಆಗಿದೆ. ಅಡ್ಡಕ್ಕೆ 20, ಉದ್ದಕ್ಕೆ 18, ಒಟ್ಟು 360. ಇಂಗ್ಲಿಷ್ ಅಕ್ಷರ ಒಂದು ಚೌಕದಲ್ಲಿ ಕೂರುತ್ತದೆ. ನಮ್ಮ ಅಕ್ಷರ ಕೂರುವುದಿಲ್ಲ. ತಲೆಕಟ್ಟು, ನಡುವಿನ ದುಂಡು, ಕೊಂಬು, ದೀರ್ಘ ಎಲ್ಲಾ ತಿಳಿಯಬೇಕಾದರೆ 16×16 ಬೇಕು, ಅಂದರೆ ನಾಲ್ಕು ಚೌಕ. ಕೆಳಗೆ ಒತ್ತಕ್ಷರ ಬಂದರೆ ಇನ್ನೆರಡು. ಒತ್ತಿಗೆ ಜಾಗ ಬಿಟ್ಟರೆ ಪರದೆಯಲ್ಲಿ ಆರು ಸಾಲು, ಸಾಲಿಗೆ ಹತ್ತು ಅಕ್ಷರ. ಒತ್ತೇ ಇಲ್ಲದ ಪದಗಳನ್ನು ಆರಿಸಿಕೊಂಡರೆ ಒಂಬತ್ತು ಸಾಲು ಹಿಡಿಯುತ್ತದೆ. "ಪ್ರಾರಂಭಿಸಿ" ಬದಲು "ಆಡು" ಎಂದು ಬರೆಯಿರಿ. "ಬಾಗಿಲು ತೆರೆ", "ಕಾಯಿ ಆಯಿ", "ಬಸವ ಬಂದ" ಇಂಥ ಮಾತು ಪರದೆಗೂ ಹಗುರ, ಮಕ್ಕಳಿಗೂ ಓದಲು ಸುಲಭ.

ಮಾಮೂಲಿ ದೃಶ್ಯದ ಹಿನ್ನೆಲೆಯಲ್ಲಿ ಒಂದಕ್ಕೊಂದು ಬೇರೆಯಾದ ಚೌಕ 192 ಮೀರುವಂತಿಲ್ಲ. ಹೊಲದ ಚಿತ್ರ, ಅಕ್ಷರ ಎರಡೂ ಅಷ್ಟರಲ್ಲೇ ಹಿಡಿಯಬೇಕು. ಇಲ್ಲಿ ಒಂದು ಉಪಾಯವಿದೆ. ಪ್ರತಿ ಅಕ್ಷರವೂ ಚೌಕದ ಗೆರೆಯ ಮೇಲೆಯೇ ಶುರುವಾಗುವಂತೆ ಬಿಡಿಸಿ. ಎಡದಿಂದ 16ನೇ ಪಿಕ್ಸೆಲ್‌ನಲ್ಲಿ ಒಂದು ಕ, 40ರಲ್ಲಿ ಇನ್ನೊಂದು ಕ ಇದ್ದರೆ ಎರಡಕ್ಕೂ ಅದೇ ಚೌಕಗಳು ಸಾಕು. ಎರಡನೆಯದನ್ನು 43ಕ್ಕೆ ಸರಿಸಿದರೆ ಎಲ್ಲಾ ಹೊಸ ಚೌಕ ಎಂದು ಲೆಕ್ಕವಾಗುತ್ತದೆ. ಮ, ಯ ತರಹದ ಅಗಲದ ಅಕ್ಷರಕ್ಕೆ 24 ಪಿಕ್ಸೆಲ್ ಕೊಡಿ. ಗ, ರ ಕಿರಿದಾದರೂ 16ರಲ್ಲೇ ಇರಲಿ.

ಉದ್ದನೆಯ ಮಾತಿದ್ದರೆ ಅದಕ್ಕೇ ಬೇರೆ ದೃಶ್ಯ ಮಾಡಿ, ಅದರ ಬಗೆಯನ್ನು ಲೋಗೋ ಎಂದು ಆರಿಸಿ. ಲೋಗೋ ದೃಶ್ಯದಲ್ಲಿ ಪಾತ್ರಗಳನ್ನು ಇಡಲಾಗದು. ಅದರ ಬದಲಿಗೆ 192ರ ಮಿತಿ ಇಲ್ಲ, ಇಡೀ ಪರದೆ ತುಂಬ ಕನ್ನಡ ಬರೆಯಬಹುದು. ಆಟಗಾರ ಬಸವನ ಹತ್ತಿರ ಬಂದು ಎ ಬಟನ್ ಒತ್ತಿದಾಗ, ಈಗಿನ ದೃಶ್ಯವನ್ನು ಸ್ಟ್ಯಾಕ್‌ನಲ್ಲಿ (ಆಮೇಲೆ ಮರಳಲು ನೆನಪಿಟ್ಟುಕೊಳ್ಳುವ ಜಾಗ) ಇಡುವ ಇವೆಂಟ್ ಹಾಕಿ, ಆಮೇಲೆ ಲೋಗೋ ದೃಶ್ಯಕ್ಕೆ ಕಳಿಸಿ. ಅಲ್ಲಿ ಬಟನ್ ಒತ್ತುವವರೆಗೆ ಕಾಯಿಸಿ, ಸ್ಟ್ಯಾಕ್‌ನಿಂದ ಹಿಂದಿನ ದೃಶ್ಯ ವಾಪಸ್ ತರಿಸಿ. ಆಟಗಾರ ನಿಂತಿದ್ದ ಜಾಗಕ್ಕೇ ಮರಳುತ್ತಾನೆ.

ಫಾಂಟ್‌ನಿಂದ ಪದ ಟೈಪ್ ಮಾಡಿ ಚಿಕ್ಕದು ಮಾಡಿದರೆ ಆಗುವುದಿಲ್ಲ. ಅಂಚು ಮಬ್ಬಾಗಿ, ನಾಲ್ಕು ಛಾಯೆಗೆ ಇಳಿದಾಗ ಕಲೆ ಕಲೆಯಾಗುತ್ತದೆ. ಒಂದೊಂದು ಅಕ್ಷರವನ್ನೂ ಕೈಯಲ್ಲೇ ಬಿಡಿಸಿ, ಅತಿ ಗಾಢ ಛಾಯೆಯನ್ನು ಅತಿ ತಿಳಿ ಛಾಯೆಯ ಮೇಲೆ. ಪ ಮತ್ತು ಷ ನಡುವಿನ ವ್ಯತ್ಯಾಸ ಒಳಗಿನ ಒಂದು ಗೆರೆ. ದ ಮತ್ತು ಧ ನಡುವೆ ಇರುವುದು ಕೆಳಗಿನ ಸಣ್ಣ ಸೀಳು. 16 ಪಿಕ್ಸೆಲ್‌ನಲ್ಲಿ ಆ ಗೆರೆಗೆ ಸಿಗುವುದು ಎರಡು ಮೂರು ಚುಕ್ಕಿ, ಆದ್ದರಿಂದ ಅದರ ಎರಡೂ ಪಕ್ಕ ಒಂದೊಂದು ಖಾಲಿ ಪಿಕ್ಸೆಲ್ ಬಿಡಿ. ಬಿಡಿಸಿದ್ದನ್ನು ದೊಡ್ಡ ಮಾನಿಟರ್‌ನಲ್ಲಿ ನೋಡಿ ಒಪ್ಪಿಬಿಡಬೇಡಿ. ಹ್ಯಾಂಡ್‌ಹೆಲ್ಡ್‌ಗೆ ಹಾಕಿ, ಮನೆಯಲ್ಲಿ ಕನ್ನಡ ಓದುವ ಯಾರಿಗಾದರೂ ಕೊಟ್ಟು ಓದಿಸಿ. ಅವರು ಎಲ್ಲಿ ತಡವರಿಸಿದರೋ ಆ ಅಕ್ಷರ ತಿದ್ದಿ.

ಪ್ಲೇ ಬಟನ್ ಒತ್ತಿದರೆ ಜಿಬಿ ಸ್ಟುಡಿಯೋದಲ್ಲೇ ಆಡಿ ನೋಡಬಹುದು. ಸರಿ ಅನ್ನಿಸಿದಾಗ ರೋಮ್ ಎಕ್ಸ್‌ಪೋರ್ಟ್ ಮಾಡಿ, ಆ ಫೈಲನ್ನು ಕಾರ್ಡಿನ ಜಿಬಿ ಫೋಲ್ಡರ್‌ಗೆ ಹಾಕಿ. ನೀವು ಗೇಮನ್ನು ಬಣ್ಣದ್ದಾಗಿ ಮಾಡಿದ್ದರೆ ಗೇಮ್ ಬಾಯ್ ಕಲರ್ ಫೋಲ್ಡರ್‌ಗೆ.

ಹಂಚುವಾಗ ಇಚ್.ಐಒದಲ್ಲಿ ಪುಟ ತೆರೆದು ಎರಡನ್ನೂ ಹಾಕಿ: ಇಳಿಸಿಕೊಳ್ಳುವ ರೋಮ್, ಮತ್ತು ಜಿಬಿ ಸ್ಟುಡಿಯೋ ಕೊಡುವ ವೆಬ್ ಎಕ್ಸ್‌ಪೋರ್ಟ್. ಎರಡನೆಯದಿದ್ದರೆ ಹ್ಯಾಂಡ್‌ಹೆಲ್ಡ್ ಇಲ್ಲದವರೂ ಫೋನಿನ ಬ್ರೌಸರ್‌ನಲ್ಲೇ ಆಡುತ್ತಾರೆ. ವಿವರಣೆ ಕನ್ನಡದಲ್ಲಿ ಮೊದಲು, ಇಂಗ್ಲಿಷ್‌ನಲ್ಲಿ ಆಮೇಲೆ. ನೀವು ಬಿಡಿಸಿದ ಅಕ್ಷರಗಳ ಪಿಎನ್‌ಜಿ ಫೈಲನ್ನೂ, ಯಾರು ಬೇಕಾದರೂ ಬಳಸಬಹುದು ಎಂಬ ಪರವಾನಗಿ ಬರೆದು ಜೊತೆಗಿಡಿ. ಮುಂದೆ ಕನ್ನಡ ಗೇಮ್ ಮಾಡುವವರು ಕ ದಿಂದ ಮತ್ತೆ ಶುರು ಮಾಡಬೇಕಾಗುವುದಿಲ್ಲ.